ಔಟ್‌ಬೋರ್ಡ್ ಮೋಟಾರಿನಲ್ಲಿ ಕಿಡಿ ಬಾರದಿದ್ದಾಗ

ದೋಣಿಯ ಔಟ್‌ಬೋರ್ಡ್ ಮೋಟಾರಿನ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿಯೇ ಕಾಣದಿದ್ದರೆ, ಬಿಡಿಭಾಗ ಕೊಳ್ಳುವ ಮೊದಲು ತುರ್ತು ನಿಲುಗಡೆ ಸ್ವಿಚ್ಚಿನ ಕ್ಲಿಪ್ (ಇದು ಕಳಚಿದರೆ ಕಿಡಿ ನಿಲ್ಲುತ್ತದೆ) ಸರಿಯಾಗಿ ಕುಳಿತಿದೆಯೇ ಎಂದು ನೋಡಬೇಕು. ಸುತ್ತ ಪೆಟ್ರೋಲ್ ಆವಿ ಇಲ್ಲವೆಂದು ಖಚಿತಪಡಿಸಿಕೊಂಡು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಎಂಜಿನ್ನಿನ ಲೋಹಕ್ಕೆ ಗಟ್ಟಿಯಾಗಿ ಅರ್ತ್ ಮಾಡಿದ ಸ್ಪಾರ್ಕ್ ಟೆಸ್ಟರ್‌ನಿಂದ ಪ್ರತಿ ಸಿಲಿಂಡರನ್ನೂ ಪರೀಕ್ಷಿಸಿ.

ಒಂದರಲ್ಲಿ ಮಾತ್ರ ಕಿಡಿ ಇಲ್ಲದಿದ್ದರೆ ಆ ಸಿಲಿಂಡರಿನ ಪ್ಲಗ್, ತಂತಿ, ಕಿಡಿಗೆ ಹೆಚ್ಚಿನ ವೋಲ್ಟೇಜ್ ಕೊಡುವ ಕಾಯಿಲ್ ನೋಡಿದರೆ ಸಾಮಾನ್ಯವಾಗಿ ದೋಷ ಸಿಗುತ್ತದೆ. ಯಾವುದರಲ್ಲೂ ಇಲ್ಲದಿದ್ದರೆ, ಸಿಡಿಐ (ವಿದ್ಯುತ್ತನ್ನು ಕೆಪಾಸಿಟರ್‌ನಲ್ಲಿ ಕೂಡಿಟ್ಟು ಕಿಡಿಗಾಗಿ ಬಿಡುವ ಎಲೆಕ್ಟ್ರಾನಿಕ್ ಘಟಕ) ಇರುವ ಮೋಟಾರಿನಲ್ಲಿ ನಿಲುಗಡೆ ಸ್ವಿಚ್ಚಿನಿಂದ ಅದಕ್ಕೆ ಬರುವ ತಂತಿಯನ್ನು ವೈರಿಂಗ್ ನಕ್ಷೆಯಿಂದ ಗುರುತಿಸಿ, ಕಳಚಿ, ಮತ್ತೊಮ್ಮೆ ಪರೀಕ್ಷಿಸಿ. ನನ್ನ ದೃಷ್ಟಿಯಲ್ಲಿ ಇದೇ ಅತ್ಯಂತ ಬೆಲೆಯುಳ್ಳ ಪರೀಕ್ಷೆ, ಏಕೆಂದರೆ ಸ್ವಿಚ್ಚು ಆ ತಂತಿಯನ್ನು ಅರ್ತ್‌ಗೆ ಸೇರಿಸಿಯೇ ಕಿಡಿಯನ್ನು ತಡೆಯುತ್ತದೆ, ಮತ್ತು ಉಪ್ಪುನೀರಿನಿಂದ ಕೆಟ್ಟ ಸ್ವಿಚ್ಚು ಅಥವಾ ಸಿಪ್ಪೆ ಸವೆದ ವೈರು ಕೂಡ ಅದೇ ಕೆಲಸ ಮಾಡಿಬಿಡುತ್ತದೆ. ಕಿಡಿ ಮರಳಿದರೆ ದೋಷ ಈ ಮಾರ್ಗದಲ್ಲಿದೆ. ಆದರೆ ತಂತಿ ಕಳಚಿರುವಾಗ ಮೋಟಾರು ಸ್ವಿಚ್ಚಿನಿಂದ ನಿಲ್ಲುವುದಿಲ್ಲವಾದ್ದರಿಂದ ದುರಸ್ತಿಯಾಗುವವರೆಗೆ ನೀರಿಗಿಳಿಯಬೇಡಿ.

ಆಗಲೂ ಕಿಡಿ ಬಾರದಿದ್ದರೆ, ಬ್ಯಾಟರಿ ದುರ್ಬಲವಾಗಿ ಎಂಜಿನ್ ನಿಧಾನವಾಗಿ ತಿರುಗುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಸ್ಟೇಟರ್ (ವಿದ್ಯುತ್ ಉತ್ಪಾದಿಸುವ) ಮತ್ತು ಟ್ರಿಗರ್ (ಕಿಡಿಯ ಸಮಯ ಸೂಚಿಸುವ) ಕಾಯಿಲ್‌ಗಳ ಓಮ್ ಅಳತೆಯನ್ನು ಮಲ್ಟಿಮೀಟರ್‌ನಿಂದ ತೆಗೆದು ಆ ಮಾದರಿಯ ಸರ್ವೀಸ್ ಕೈಪಿಡಿಯೊಂದಿಗೆ ಹೋಲಿಸಿ. ಇವೆಲ್ಲ ಸರಿಯಿದ್ದ ಮೇಲಷ್ಟೇ ಸಿಡಿಐ ಘಟಕವನ್ನು ಬದಲಿಸಿ.