ಬೇಸ್ ಕ್ಯಾಬಿನೆಟ್‌ನ ಗರಗರ ಸದ್ದು ಹೋಗಿದ್ದು ಹೀಗೆ

ನನ್ನ ಬೇಸ್ ಗಿಟಾರ್‌ನ ಕ್ಯಾಬಿನೆಟ್ಟಿನಲ್ಲಿ (ಸ್ಪೀಕರ್ ಪೆಟ್ಟಿಗೆ) ಸುಮಾರು 41 ಹರ್ಟ್ಸ್‌ನ ದಪ್ಪ ಇ ತಂತಿ ಮೀಟಿದಾಗ ಮಾತ್ರ ಗರಗರ; ಮೇಲಿನ ಸ್ವರಗಳೆಲ್ಲ ಸ್ವಚ್ಛ. ಇಂಥಲ್ಲಿ ಹೊಸ ಸ್ಪೀಕರ್ ಕೊಳ್ಳುವ ಆತುರ ಬೇಡ.

ಆಂಪ್ ಆರಿಸಿ, ಕೇಬಲ್ ತೆಗೆದು, ಕೋನನ್ನು (ಸ್ಪೀಕರ್‌ನ ಅದುರುವ ಮುಂಭಾಗ) ಎರಡೂ ಕೈಬೆರಳುಗಳಿಂದ ಸಮವಾಗಿ ಮೆಲ್ಲಗೆ ಒತ್ತಿದೆ. ಉಜ್ಜುವ ಸದ್ದಿರಲಿಲ್ಲ, ಹಾಗಾಗಿ ವಾಯ್ಸ್ ಕಾಯಿಲ್ (ಕೋನನ್ನು ಅದುರಿಸುವ ತಂತಿ ಸುರುಳಿ) ಮೇಲಿನ ಅನುಮಾನ ಹೋಯಿತು. ಮಲ್ಟಿಮೀಟರ್‌ನಲ್ಲಿ 8 ಓಮ್ ಸ್ಪೀಕರ್ ಸುಮಾರು 6 ಓಮ್ ತೋರಿಸಿತು, ಅದು ಸಹಜವೇ; ಮೀಟರ್ ಅಳೆಯುವ ರೋಧ ಸ್ಪೀಕರ್ ಮೇಲೆ ಬರೆದ ಓಮ್‌ಗಿಂತ ಕಡಿಮೆಯೇ ಇರುತ್ತದೆ.

ಕೇಬಲ್ ಜೋಡಿಸಿ ಮತ್ತೆ ಅದೇ ಸ್ವರ ನುಡಿಸಿ ಸ್ಪೀಕರ್ ಅಂಚಿನ ಸುತ್ತ ಕೈ ಹಿಡಿದಾಗ ಗಾಳಿ ಸೋರುತ್ತಿತ್ತು. ಸ್ಕ್ರೂ ಸಡಿಲ, ಒಂದರ ತೂತು ಸವೆದಿತ್ತು. ಮರದ ಅಂಟು ಹಚ್ಚಿದ ಕಡ್ಡಿಚೂರು ತುರುಕಿ ರಾತ್ರಿಯಿಡೀ ಒಣಗಿಸಿ, ಸ್ಪೀಕರ್ ಅಂಚಿನಡಿ ಗಾಳಿ ತಡೆಯುವ, ಚಪ್ಪಟೆಯಾದ ಹಳೇ ಗ್ಯಾಸ್ಕೆಟ್ ಕೆರೆದು 3 ಮಿ.ಮೀ. ಫೋಮ್ ಟೇಪ್ ಅಂಟಿಸಿದೆ. ಸ್ಕ್ರೂಗಳನ್ನು ಎದುರುಬದುರಾಗಿ, ಕೈಯಿಂದಲೇ ಬಿಗಿಯಬೇಕು. ಡ್ರಿಲ್ ಜಾರಿದರೆ ಕೋನ್ ಹರಿದಂತೆಯೇ! ಕೇಬಲ್ ಸಿಕ್ಕಿಸುವ ಜ್ಯಾಕ್ ಪ್ಲೇಟ್ ಹಿಂದೆಯೂ ಅದೇ ಟೇಪ್ ಹಾಕಿ.