ಫಿನ್‌ಲ್ಯಾಂಡಿನ ತಕ್ಕಡಿ, ಕೋಲಾರದ ಜನ

"ಅಜ್ಜಿಗೆ ಅರಳು ಮರಳಾಗಿತ್ತು. ಅಮ್ಮನಿಗೂ ಬರುತ್ತಾ ಸಾರ್?"

ಕೋಲಾರ ಜಿಲ್ಲೆಯ ನನ್ನ ಕ್ಲಿನಿಕ್ಕಿನಲ್ಲಿ ಒಬ್ಬ ಮಗ ಹೀಗೆ ಕೇಳಿದ. ಗೊತ್ತಿಲ್ಲ ಅಂತ ಕಳಿಸಬಹುದಿತ್ತು. ಆದರೆ ಆಗಷ್ಟೇ ನಾನು, ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಎಷ್ಟು ಅಂತ ಅಂದಾಜು ಮಾಡುವ ಕೇಡ್ (CAIDE) ಸ್ಕೋರ್ ಬಗ್ಗೆ ಓದಿದ್ದೆ. (ಹೆಸರೇ ಕೇಡು ಅನ್ನೋ ಹಾಗಿದೆ, ನಾನೇನು ಮಾಡಲಿ!) ಫಿನ್‌ಲ್ಯಾಂಡಿನಲ್ಲಿ 1,409 ಜನರನ್ನು ಸುಮಾರು 20 ವರ್ಷದ ಅಂತರದಲ್ಲಿ ನೋಡಿ, 2006ರಲ್ಲಿ ಪ್ರಕಟಿಸಿದ ಲೆಕ್ಕ ಅದು. ನಡುವಯಸ್ಸಿನಲ್ಲಿ ವಯಸ್ಸು, ಗಂಡೋ ಹೆಣ್ಣೋ ಅನ್ನೋದು, ಓದು, ಬಿಪಿ, ತೂಕ, ಕೊಲೆಸ್ಟ್ರಾಲ್, ವ್ಯಾಯಾಮ ಇವಕ್ಕೆಲ್ಲ ಅಂಕ ಹಾಕಬೇಕು. ಒಟ್ಟು 15. ಐದರೊಳಗೆ ಬಂದವರಲ್ಲಿ ನೂರಕ್ಕೆ ಒಬ್ಬರಿಗೆ ಮುಂದೆ ಮರೆವಿನ ಕಾಯಿಲೆ ಬಂತು. 12 ಅಥವಾ ಅದಕ್ಕಿಂತ ಜಾಸ್ತಿ ಬಂದವರಲ್ಲಿ ನೂರಕ್ಕೆ 16 ಜನರಿಗೆ.

ಅಮ್ಮನ ಲೆಕ್ಕಕ್ಕೆ ಕೂತೆ. ವಯಸ್ಸಿನಲ್ಲೇ ತಡವರಿಸಿದೆ. ಆಧಾರ್‌ನಲ್ಲಿ ಜನವರಿ 1 ಅಂತಿದೆ. ಅದನ್ನು ನಂಬೋ ಹಾಗಿಲ್ಲ. ಇಂದಿರಾ ಗಾಂಧಿ ತೀರಿಕೊಂಡಾಗ ಮದುವೆಯಾಗಿತ್ತಾ, ಮಕ್ಕಳಿದ್ದರಾ ಅಂತ ಕೇಳಿ ಕೇಳಿ 58ರ ಹತ್ತಿರಕ್ಕೆ ತಂದೆ. 53 ದಾಟಿದರೆ 4 ಅಂಕ. ಶಾಲೆ ಮೆಟ್ಟಿಲು ಹತ್ತಿಲ್ಲ, 3 ಅಂಕ. ಬಿಪಿ 150, ಅದಕ್ಕೆ 2.

"ಅಮ್ಮಾ, ವ್ಯಾಯಾಮ ಮಾಡ್ತೀರಾ?"

"ಮಾಡಕ್ಕೆ ಬೇರೆ ಕೆಲ್ಸ ಇಲ್ವಾ ಸಾರ್ ನಂಗೆ?" ಅಂತ ನಕ್ಕರು.

ಇಲ್ಲ ಅಂತ ಬರೆದು 1 ಅಂಕ ಹಾಕಿದೆ. ಕೊಲೆಸ್ಟ್ರಾಲ್ 180, ಅದಕ್ಕೆ 2. ಒಟ್ಟು 12. ಮಗನ ಮುಖ ಕಪ್ಪಿಟ್ಟಿತು.

ರಾತ್ರಿ ಮತ್ತೆ ಹಾಳೆ ತೆಗೆದಾಗ ನನ್ನ ಪೆದ್ದತನ ಕಂಡಿತು. ಅಂಕಪಟ್ಟಿಯಲ್ಲಿ ಕೊಲೆಸ್ಟ್ರಾಲ್ ಗಡಿ 6.5. ಅದು ಯುರೋಪಿನ ಅಳತೆ. ನಮ್ಮ ಲ್ಯಾಬ್ ರಿಪೋರ್ಟಿನ ಲೆಕ್ಕದಲ್ಲಿ ಸುಮಾರು 251. ಇವರದು 180, ಏನೂ ತೊಂದರೆಯಿಲ್ಲ. ಇನ್ನು ವ್ಯಾಯಾಮ. ದಿನಾ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಹೊತ್ತು ಹುಳದ ಮನೆಗೆ ತರುವ ಹೆಂಗಸನ್ನು ನಾನು ಸೋಮಾರಿ ಅಂತ ಬರೆದಿದ್ದೆ! ಬಿಡುವಿನಲ್ಲಿ ಬೆವರು ಬರೋ ಹಾಗೆ ವ್ಯಾಯಾಮ ಮಾಡ್ತೀರಾ ಅಂತ ಕೇಳುವ ಪ್ರಶ್ನೆ ಅದು. ಇವರಿಗೆ ಬಿಡುವೆಲ್ಲಿ? ಎರಡನ್ನೂ ಕಳೆದರೆ 9. ಆ ಗುಂಪಿನಲ್ಲಿ ನೂರಕ್ಕೆ ನಾಲ್ಕೇ ಜನ. ಒಂದೇ ದಿನದಲ್ಲಿ 16ರಿಂದ 4ಕ್ಕೆ ಇಳಿಯಿತು.

ಹಾಗಂತ 9 ಸರಿ ಅಂತಲೂ ನನಗೆ ಅನ್ನಿಸಲಿಲ್ಲ. ತೂಕದ ಅಂಕ ಬರೋದು ಬಿಎಂಐ 30 ದಾಟಿದರೆ. ಇವರದು 26. ಭಾರತೀಯರಲ್ಲಿ 25ಕ್ಕೇ ಬೊಜ್ಜು ಅಂತ ನಾವು ಹಿಡಿಯುತ್ತೇವೆ. ಸಕ್ಕರೆ ಕಾಯಿಲೆಯೂ ಇದೆ, ಪಟ್ಟಿಯಲ್ಲಿ ಅದರ ಪ್ರಶ್ನೆಯೇ ಇಲ್ಲ. ಕಿವಿ ಮಂದವಾದರೂ ಮರೆವಿನ ಅಪಾಯ ಜಾಸ್ತಿ, ಅದರ ಪ್ರಶ್ನೆಯೂ ಇಲ್ಲ. ಓದಿನ 3 ಅಂಕವಂತೂ ನನ್ನನ್ನು ಜಾಸ್ತಿ ಕಾಡಿತು. ಫಿನ್‌ಲ್ಯಾಂಡಿನಲ್ಲಿ ಆರೇ ವರ್ಷ ಓದಿ ಶಾಲೆ ಬಿಟ್ಟವರು ಬೇರೆ, ನಮ್ಮೂರಲ್ಲಿ ಹೆಣ್ಣು ಅನ್ನೋ ಕಾರಣಕ್ಕೆ ಶಾಲೆಗೇ ಹೋಗದವರು ಬೇರೆ. ಈ ಅಮ್ಮ ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುತ್ತಾರೆ. ಹೈದರಾಬಾದಿನಲ್ಲಿ ಸುವರ್ಣ ಅಲ್ಲಾಡಿ ಮತ್ತವರ ಜೊತೆಯವರು 648 ರೋಗಿಗಳನ್ನು ನೋಡಿ 2013ರಲ್ಲಿ ಬರೆದದ್ದು ನೆನಪಾಯಿತು: ಎರಡು ಭಾಷೆ ಆಡುವವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿತ್ತು, ಓದು ಬರಹ ಬಾರದವರಲ್ಲೂ. ಅದಕ್ಕೆ ಎಷ್ಟು ಅಂಕ ಕಳೆಯೋದು?

ರಕ್ತದ ಜೀನ್ ಪರೀಕ್ಷೆ ಮಾಡಿಸಿದರೆ ಮುಗೀತಲ್ವಾ ಅಂತ ಒಬ್ಬ ಸ್ನೇಹಿತರು ಅಂದರು. ಎಪಿಒಇ4 ಜೀನ್ ಬಿಳಿಯರಲ್ಲಿ ಅಪಾಯವನ್ನು ಚೆನ್ನಾಗಿಯೇ ಹೇಳುತ್ತದೆ. ಆದರೆ ನೈಜೀರಿಯಾದ ಇಬಾದಾನಿನ ಯೊರುಬಾ ಜನರಲ್ಲಿ ಅದರ ಜೋರು ತುಂಬ ಕಮ್ಮಿ ಕಂಡಿದೆ. ಅಂದರೆ ಜೀನ್ ಲೆಕ್ಕವೂ ಎಲ್ಲ ಊರಿಗೂ ಒಂದೇ ಅಲ್ಲ.

ಈಗ ಈ ಅಂಕಪಟ್ಟಿ ನನಗೆ ಬೇರೆ ಊರಿನ ತಕ್ಕಡಿ ಇದ್ದ ಹಾಗೆ. ಯಾವುದು ಭಾರ, ಯಾವುದು ಹಗುರ ಅಂತ ಒಂದು ಮಟ್ಟಿಗೆ ತೋರಿಸಬಹುದು. ಎಷ್ಟು ಕಿಲೋ ಅನ್ನೋದಕ್ಕೆ ಇಲ್ಲಿಯ ತೂಕದ ಬಟ್ಟೇ ಬೇಕು. ಆ ಬಟ್ಟು ಸಿಗಬೇಕಾದರೆ ಇಲ್ಲಿನವರನ್ನೇ ವರ್ಷಗಟ್ಟಲೆ ನೋಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ನಮ್ಮದೇ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದವರನ್ನು ಹೀಗೆ ನೋಡುತ್ತಿದ್ದಾರೆ.

ಮುಂದಿನ ವಾರ ಮಗನನ್ನು ಕರೆಸಿ, ಲೆಕ್ಕ ತಪ್ಪಿದ್ದು ನಾನೇ ಅಂತ ಹೇಳಿದೆ. ಬಿಪಿ ಮಾತ್ರೆ ನಡುವೆ ಬಿಡಬೇಡಿ, ಸಕ್ಕರೆ ಹತೋಟಿಯಲ್ಲಿರಲಿ, ಕಿವಿ ಒಮ್ಮೆ ತೋರಿಸಿ ಅಂದೆ.

"ಸರಿ ಸಾರ್, ಈಗ ಅಂಕ ಎಷ್ಟು?"

ಹಾಳೆಯ ಮೂಲೆಯಲ್ಲಿ 9 ಅಂತ ಇತ್ತು. ಪೆನ್ಸಿಲ್‌ನಲ್ಲಿ ಬರೆದಿದ್ದೇನೆ, ಶ್ರೀನಿವಾಸಪುರದ ಲೆಕ್ಕ ಬಂದ ಮೇಲೆ ಅಳಿಸಿ ಬರೆಯೋಣ ಅಂದೆ.