ತೀರಿಕೊಂಡವರ ಸೊತ್ತಿಗೆ ಬೆಲೆ ಕಟ್ಟುವುದು ಹೇಗೆ? ಮೊದಲು ಯಾರದ್ದು, ಆಮೇಲೆ ಎಷ್ಟು

ಮನೆಯ ಹಿರಿಯರು ತೀರಿಕೊಂಡು ಹನ್ನೊಂದನೇ ದಿನದ ಊಟ ಮುಗಿಯುತ್ತಿದ್ದಂತೆ ತಿಜೋರಿಯ ಬಾಗಿಲು ತೆಗೆಯುವುದು ನಮ್ಮ ಕಡೆ ಜಾಸ್ತಿ. ನೆಂಟರೆಲ್ಲ ಸೇರಿದ್ದಾರೆ, ಈಗಲೇ ಹಂಚಿಕೊಂಡುಬಿಡೋಣ ಅನ್ನುತ್ತಾರೆ. ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಹೀಗೆ ಅವಸರದಲ್ಲಿ ಹಂಚಿದ ಮನೆಗಳು ವರ್ಷಗಳ ಮೇಲೆ ಕೋರ್ಟ್ ಮೆಟ್ಟಿಲು ಹತ್ತಿದ್ದನ್ನು ನೋಡಿದ್ದೇನೆ. ಅಲ್ಲಿ ಜಗಳ ಹುಟ್ಟುವುದು ಬೆಲೆಯಿಂದಲ್ಲ. ಸೊಸೆಯ ಒಡವೆ ಮಾವನ ಲೆಕ್ಕಕ್ಕೆ ಸೇರಿರುತ್ತದೆ. ಮಗಳ ಹೆಸರು ವಂಶವೃಕ್ಷದಿಂದ ಬಿಟ್ಟುಹೋಗಿರುತ್ತದೆ. ಅದಕ್ಕೇ ತಕ್ಕಡಿ ಆಮೇಲೆ, ಪಟ್ಟಿ ಮೊದಲು.

1. ಕಾಗದಗಳು

ಮರಣವನ್ನು 21 ದಿನದೊಳಗೆ ನೋಂದಾಯಿಸಿ. ಪ್ರಮಾಣಪತ್ರದ ಹತ್ತಾರು ಪ್ರತಿ ಒಟ್ಟಿಗೇ ತೆಗೆದುಕೊಳ್ಳಿ. ಪಹಣಿ, ಪಾಸ್‌ಬುಕ್, ಆಧಾರ್‌ನಲ್ಲಿ ಹೆಸರು ಬೇರೆ ಬೇರೆ ಇದ್ದರೆ 'ಇವರೆಲ್ಲ ಒಬ್ಬರೇ' ಎಂಬ ಅಫಿಡವಿಟ್ ಈಗಲೇ ಮಾಡಿಸಿ.

ತೀರಿಕೊಂಡವರ ಎಟಿಎಂ ಕಾರ್ಡ್, ಫೋನ್‌ಪೇ ಮುಟ್ಟಬೇಡಿ. ಕ್ರಿಯಾಕರ್ಮದ ಖರ್ಚಿಗೇ ತೆಗೆದಿದ್ದರೂ ನಾಳೆ ಅದಕ್ಕೆ ಲೆಕ್ಕ ಕೊಡಬೇಕಾಗುತ್ತದೆ.

2. ಹಕ್ಕುದಾರರು ಯಾರು?

ನಾಡಕಚೇರಿಗೆ ಅರ್ಜಿ ಹಾಕಿ ವಂಶವೃಕ್ಷ ಪಡೆಯಿರಿ. 'ಎರಡೇ ದಿನದಲ್ಲಿ ಮಾಡಿಸಿಕೊಡ್ತೀನಿ' ಎನ್ನುವ ಏಜೆಂಟರನ್ನು ದೂರ ಇಡಿ. ಅವರು ಮಾಡಿಸಿದ ವಂಶವೃಕ್ಷಗಳಲ್ಲಿ ಎಷ್ಟೋ ಸಲ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೇ ಇರುವುದಿಲ್ಲ. ಸುಳ್ಳು ಅಫಿಡವಿಟ್‌ಗೆ ಸಹಿ ಹಾಕಿದವರ ಮೇಲೆ ಕೇಸ್ ಬೀಳುತ್ತದೆ, ಏಜೆಂಟರ ಮೇಲಲ್ಲ.

ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಪ್ರಕಾರ ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಗಳಿಕೆಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಮತ್ತು ತಾಯಿಗೆ ಸಮಪಾಲು. ಈ ತಾಯಿಯನ್ನೇ ಎಲ್ಲರೂ ಮರೆಯುತ್ತಾರೆ. ವಯಸ್ಸಿನ ಮಗ ಅಪಘಾತದಲ್ಲಿ ಹೋದಾಗ ಅವನ ಅವ್ವ ಮೂಲೆಯಲ್ಲಿ ಕೂತು ಅಳುತ್ತಿರುತ್ತಾಳೆ, ಅವಳಿಗೂ ಒಂದು ಪಾಲಿದೆ ಅಂತ ಯಾರೂ ಹೇಳುವುದಿಲ್ಲ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಇದ್ದರೆ ನಾಲ್ಕು ಪಾಲು. ತಂದೆ ಈ ಮೊದಲ ವರ್ಗದಲ್ಲಿ, ಅಂದರೆ ಮೊದಲು ಪಾಲು ಪಡೆಯುವವರಲ್ಲಿ, ಬರುವುದಿಲ್ಲ.

'ಅಕ್ಕಗ ಮದುವ್ಯಾಗ ಎಲ್ಲಾ ಕೊಟ್ಟೀವಿ, ಮತ್ತೇನ್ ಪಾಲು?' ಎಂಬ ಮಾತು ನಮ್ಮಲ್ಲಿ ಪ್ರತಿ ಮನೆಯಲ್ಲೂ ಬರುತ್ತದೆ. ಕಾನೂನಿನಲ್ಲಿ ಆ ಮಾತಿಗೆ ಬೆಲೆ ಇಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಈ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಸ್ಪಷ್ಟಪಡಿಸಿದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ವಿಭಾಗಕ್ಕೆ, ಅದಕ್ಕೆ ಮೊದಲೇ ಆದ ಮಾರಾಟಕ್ಕೆ ಇದು ತಾಗುವುದಿಲ್ಲ. ಎರಡನೇ ಸಂಬಂಧದ ಮಕ್ಕಳ ವಿಷಯವನ್ನೂ ಮುಚ್ಚಿಡಬೇಡಿ. ಆ ಮದುವೆ ಕಾನೂನುಬದ್ಧ ಅಲ್ಲದಿದ್ದರೂ ತಂದೆಯ ಪಾಲಿನಲ್ಲಿ ಆ ಮಕ್ಕಳಿಗೆ ಹಕ್ಕಿದೆ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ತೀರಿಕೊಂಡವರು ಹೆಂಗಸಾಗಿದ್ದರೆ ಲೆಕ್ಕ ಬೇರೆ. ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮಪಾಲು. ಅವ್ವನ ಬಂಗಾರ ಹೆಣ್ಣುಮಕ್ಕಳಿಗೇ ಎಂಬುದು ರೂಢಿ. ಎಲ್ಲರೂ ಒಪ್ಪಿದರೆ ಹಾಗೇ ಕೊಡಿ, ಆದರೆ ಬರೆದಿಡಿ. ಮುಸ್ಲಿಂ ಕುಟುಂಬಗಳಲ್ಲಿ ಮೊದಲು ಸಾಲ ತೀರಿಸಬೇಕು. ಹೆಂಡತಿಗೆ ಕೊಡದೆ ಉಳಿದ ಮೆಹರ್ (ಮದುವೆಯಲ್ಲಿ ಗಂಡ ಕೊಡಲು ಒಪ್ಪಿದ ಹಣ) ಕೂಡ ಸಾಲವೇ. ವಸಿಯತ್, ಅಂದರೆ ವಿಲ್, ಮೂರನೇ ಒಂದು ಭಾಗ ಮೀರಬಾರದು. ಮಕ್ಕಳಿದ್ದರೆ ಹೆಂಡತಿಗೆ ಎಂಟನೇ ಒಂದು ಭಾಗ, ಮಗಳಿಗೆ ಮಗನ ಪಾಲಿನ ಅರ್ಧ.

3. ಯಾವುದು ತೀರಿಕೊಂಡವರದು?

ಕಷ್ಟದ ಘಟ್ಟ ಇದೇ. ಒಂದು ಉದ್ದನೆಯ ಲೆಕ್ಕದ ಪುಸ್ತಕ ತನ್ನಿ. ಮೊಬೈಲಿನಲ್ಲಿ ಪಟ್ಟಿ ಮಾಡಬೇಡಿ, ಅದನ್ನು ಯಾರು ಬೇಕಾದರೂ ತಿದ್ದುತ್ತಾರೆ. ಎಲ್ಲ ಹಕ್ಕುದಾರರು, ಜೊತೆಗೆ ಪಾಲಿಲ್ಲದ ಒಬ್ಬ ಹಿರಿಯರು ಕೂತಿರಲಿ. ಒಂದೊಂದೇ ವಸ್ತು ತೆಗೆಯಿರಿ, ಫೋಟೊ ಹಿಡಿಯಿರಿ, ಬರೆಯಿರಿ. ಪ್ರತಿ ಪುಟದ ಕೆಳಗೆ ಎಲ್ಲರ ಸಹಿ ಹಾಕಿಸಿ. ಈ ಹೊತ್ತಿನಲ್ಲಿ ಬೆಲೆಯ ಮಾತು ಬೇಡವೇ ಬೇಡ. ಬೆಲೆ ಕೇಳಿದ ಕೂಡಲೇ 'ಅದು ನನ್ನದು' ಎನ್ನುವವರು ಹೆಚ್ಚಾಗುತ್ತಾರೆ.

ಪುಟದಲ್ಲಿ ಮೂರು ಕಾಲಂ ಮಾಡಿ: ತೀರಿಕೊಂಡವರದು, ಬೇರೆಯವರದು, ತಕರಾರಿನದು. ತಕರಾರಿನ ಕಾಲಂ ಇಲ್ಲದಿದ್ದರೆ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ. ಒಪ್ಪಿಗೆ ಆಗದ್ದನ್ನು ಅಲ್ಲಿ ಬರೆದು ಮುಂದಕ್ಕೆ ಹೋಗಿ.

ಹೆಂಡತಿಯ ಮೈಮೇಲಿನ ಬಂಗಾರ, ತವರಿನವರು ಕೊಟ್ಟದ್ದು, ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು ಸ್ತ್ರೀಧನ. ಅದು ಗಂಡನ ಆಸ್ತಿಯೇ ಅಲ್ಲ, ಹಂಚಿಕೆಗೆ ಬರುವುದಿಲ್ಲ. ಸೊಸೆಯ ಪಾಟ್ಲಿ, ಬಿಲ್ವಾರ ಬಳೆಗಳನ್ನು ಅತ್ತೆ ತನ್ನ ತಿಜೋರಿಯಲ್ಲಿ ಇಟ್ಟುಕೊಂಡಿದ್ದರೂ ಅವು ಸೊಸೆಯವೇ. ಗಂಡ ಸತ್ತ ಹೆಣ್ಣುಮಗಳ ಕೈಯಿಂದ ಬಳೆ ಬಿಚ್ಚಿಸಿ ಪಾಲಿಗೆ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ, ಮಾಡಲು ಬಿಡಲೂಬೇಡಿ.

ಹೊಲದ ವಿಷಯದಲ್ಲೂ ಹೀಗೇ. ಪಿತ್ರಾರ್ಜಿತ ಹೊಲ ಪೂರ್ತಿ ಅಪ್ಪನದಲ್ಲ. ಅದರಲ್ಲಿ ಅಪ್ಪನ ಪಾಲು ಎಷ್ಟೋ ಅಷ್ಟು ಮಾತ್ರ ಈ ಪಟ್ಟಿಗೆ ಬರುತ್ತದೆ. ಲಾವಣಿಗೆ (ಗುತ್ತಿಗೆಗೆ) ಹಿಡಿದ ಹೊಲದಲ್ಲಿ ನಿಂತ ಬೆಳೆ ಅವರದು, ಹೊಲ ಅವರದಲ್ಲ. ಅಡತಿ (ದಲಾಲಿ) ಅಂಗಡಿಯಲ್ಲಿ ಬರಬೇಕಾದ ದುಡ್ಡು, ಬಳ್ಳಾರಿಯ ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮೆಣಸಿನಕಾಯಿ ಚೀಲಗಳ ರಸೀದಿ, ಸೊಸೈಟಿ ಶೇರು ಸುಮ್ನೆ ಬಿಟ್ಟುಹೋಗುತ್ತವೆ. ಅಂಗಿ ಜೇಬು, ಹಳೆಯ ಡೈರಿ, ದೇವರ ಜಗಲಿಯ ಕೆಳಗೆಲ್ಲ ಹುಡುಕಿ. ಮರೆತುಹೋದ ಬ್ಯಾಂಕ್ ಠೇವಣಿ ಹುಡುಕಲು ರಿಸರ್ವ್ ಬ್ಯಾಂಕಿನ ಉದ್ಗಮ್ ಪೋರ್ಟಲ್ ಇದೆ.

ಇನ್ನೊಂದು ಮಾತು. ಬ್ಯಾಂಕಿನಲ್ಲಿ ನಾಮಿನಿ ಆಗಿದ್ದವರು ಆ ದುಡ್ಡಿನ ಒಡೆಯರಲ್ಲ. ಅವರು ದುಡ್ಡು ಪಡೆದು ಹಕ್ಕುದಾರರಿಗೆ ತಲುಪಿಸಬೇಕಾದವರು. ಶೇರುಗಳ ವಿಷಯದಲ್ಲೂ 2023ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ.

4. ಬೆಲೆ ಕಟ್ಟುವುದು

ಎರಡು ಬೆಲೆ ಬರೆದಿಡಿ: ತೀರಿಕೊಂಡ ದಿನದ್ದು ಮತ್ತು ಇವತ್ತಿನದು. ಕೋರ್ಟಿನಲ್ಲಿ ಯಾವುದು ಕೇಳಿದರೂ ಕೈಯಲ್ಲಿರುತ್ತದೆ. ಮಂಚ, ಪಾತ್ರೆ, ಟಿವಿಗಳನ್ನು ಒಟ್ಟಿಗೆ ಒಂದು ಅಂದಾಜು ಮಾಡಿದರೆ ಸಾಕು. ಟ್ರ್ಯಾಕ್ಟರ್, ಬೈಕಿಗೆ ಇಬ್ಬರು ಡೀಲರುಗಳನ್ನು ಕೇಳಿ. ಎತ್ತಿಗೆ ಸಂತೆಯ ದರ.

ಬಂಗಾರದಲ್ಲೇ ಎಲ್ಲರೂ ಎಡವುವುದು. ನಮ್ಮ ಕಡೆಯ ಹಳೆಯ ಬೋರಮಾಳದ ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಟೀಕಿ ಎಂಬ ಕೊರಳ ಒಡವೆಯಲ್ಲಿ ದಾರ ಮತ್ತು ಹರಳು. ಒಟ್ಟು ತೂಕವನ್ನೇ ಬಂಗಾರ ಅಂದುಕೊಂಡರೆ ಆ ಒಡವೆ ಪಡೆದವರಿಗೆ ನಷ್ಟ. ಉದಾಹರಣೆಗೆ ಒಂದು ಸರ 40 ಗ್ರಾಂ ತೂಗಿತು ಅನ್ನಿ. ಅರಗು, ದಾರ 9 ಗ್ರಾಂ ಹೋದರೆ ಉಳಿದದ್ದು 31. ಹಳೆಯ ಬಂಗಾರ ನೂರಕ್ಕೆ 84ರಷ್ಟೇ ಶುದ್ಧ ಇದ್ದರೆ ಅಪ್ಪಟ ಬಂಗಾರ 26 ಗ್ರಾಂ. ಅದೇ ಸರವನ್ನು 40 ಗ್ರಾಂ, 22 ಕ್ಯಾರೆಟ್ ಅಂತ ಬರೆದರೆ 36 ಗ್ರಾಂ ದಾಟುತ್ತದೆ. 10 ಗ್ರಾಂ ವ್ಯತ್ಯಾಸ, ಒಂದೇ ಸರದಲ್ಲಿ!

ತೊಲದ ಮಾತು ಬಿಟ್ಟುಬಿಡಿ. ಅಜ್ಜಿ ಹೇಳುವ ಹಳೆಯ ತೊಲ 11.66 ಗ್ರಾಂ, ಈಗ ಅಂಗಡಿಯವರು ಹೇಳುವ ತೊಲ 10 ಗ್ರಾಂ. ಪುಸ್ತಕದಲ್ಲಿ ಗ್ರಾಂ ಮಾತ್ರ ಇರಲಿ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಅಂಗೈ ತಕ್ಕಡಿ ನಂಬಬೇಡಿ. ಅಂಗಡಿಯ ಯಂತ್ರದಲ್ಲಿ ಇಟ್ಟ ಕೂಡಲೇ ಕ್ಯಾರೆಟ್ ತೋರಿಸುವುದೂ ಮೇಲ್ಪದರದ ಲೆಕ್ಕವೇ. ಗಿಲೀಟು ಮಾಡಿದ ಒಡವೆಯಲ್ಲಿ ಅದು ಮೋಸ ಹೋಗುತ್ತದೆ. ಸ್ವಲ್ಪ ಶುಲ್ಕ ಕೊಟ್ಟು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ವರದಿ ಬರೆಸಿಕೊಳ್ಳಿ. ಒಡವೆ ಕೊಳ್ಳಲು ಕಾದಿರುವ ಅಂಗಡಿಯವರ ಹತ್ತಿರ ಬೆಲೆ ಕಟ್ಟಿಸಬೇಡಿ. ಕೂಲಿ, ವೇಸ್ಟೇಜ್ ಸೇರಿಸಬೇಡಿ, ಮಾರಿದಾಗ ಅದು ವಾಪಸ್ ಬರುವುದಿಲ್ಲ.

ಹೊಲಕ್ಕೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ಇದೆ, ಸರ್ಕಾರಿ ಕಾಗದಗಳಿಗೆ ಅದು ಸಾಕು. ಅಣ್ಣತಮ್ಮಂದಿರ ಹಂಚಿಕೆಗೆ ಮಾತ್ರ ಸಾಲದು. ಒಂದೇ ಸರ್ವೆ ನಂಬರಿನಲ್ಲಿ ಎರಿ (ಕಪ್ಪು ಮಣ್ಣಿನ) ಹೊಲವೂ ಇರುತ್ತದೆ, ಸವಳು (ಉಪ್ಪು) ಹತ್ತಿದ್ದೂ ಇರುತ್ತದೆ. ಪಹಣಿಯಲ್ಲಿ ನೀರಾವರಿ ಅಂತ ಇದ್ದರೂ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಮಾನ್ವಿ, ಸಿರವಾರ ಕಡೆ, ನೀರು ತಲುಪುವುದೇ ಕಷ್ಟ. ಮೇಲ್ಭಾಗದ ಗಂಗಾವತಿಯ ಗದ್ದೆಗೂ ಅದಕ್ಕೂ ಒಂದೇ ಬೆಲೆ ಹಾಕಿದರೆ ಒಬ್ಬರಿಗೆ ಅನ್ಯಾಯ. ಹತ್ತಿರದ ಹೊಲಗಳು ಇತ್ತೀಚೆಗೆ ಎಷ್ಟಕ್ಕೆ ನೋಂದಣಿಯಾಗಿವೆ ನೋಡಿ. ಹೊಲ ಬಲ್ಲ ಇಬ್ಬರನ್ನು ಕರೆದುಕೊಂಡು ಹೋಗಿ, ನಿಂತ ಭತ್ತದ ಬೆಲೆ ಬೇರೆ ಬರೆಯಿರಿ.

5. ಸಾಲ ಕಳೆಯಿರಿ

ಬ್ಯಾಂಕ್, ಸೊಸೈಟಿ, ಗೊಬ್ಬರದ ಅಂಗಡಿಯ ಉದ್ರಿ, ಆಸ್ಪತ್ರೆ, ಅಂತ್ಯಕ್ರಿಯೆಯ ಖರ್ಚು. ಬಾಯಿಮಾತಿನ ಕೈಗಡವನ್ನು ಚೀಟಿ ಇಲ್ಲದೆ ಒಪ್ಪಬೇಡಿ. ಮಕ್ಕಳ ಹೊಣೆ ತಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ನಮ್ಮ ದೇಶದಲ್ಲಿ ಉತ್ತರಾಧಿಕಾರ ತೆರಿಗೆ 1985ರಿಂದ ಇಲ್ಲ. 'ಸರ್ಕಾರಕ್ಕೆ ಕಟ್ಟಬೇಕು' ಅಂತ ಯಾರಾದರೂ ದುಡ್ಡು ಕೇಳಿದರೆ ಕಾಗದ ಕೇಳಿ.

6. ಕೋರ್ಟ್ ಯಾವಾಗ ಬೇಕು?

ವಿಲ್ ಇದ್ದರೂ ನಮ್ಮ ಜಿಲ್ಲೆಗಳಲ್ಲಿ ಪ್ರೊಬೇಟ್, ಅಂದರೆ ವಿಲ್ ಸರಿಯಿದೆ ಎಂಬ ಕೋರ್ಟಿನ ಆದೇಶ, ಕಡ್ಡಾಯವಲ್ಲ. ವಿಲ್‌ಗೆ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು, ನೋಂದಣಿ ಮಾತ್ರ ಕಡ್ಡಾಯವಲ್ಲ. ಮನೆಯಲ್ಲಿ ಒಬ್ಬರಾದರೂ ವಿಲ್ ಸುಳ್ಳು ಅಂದರೆ ಜಿಲ್ಲಾ ನ್ಯಾಯಾಲಯದಲ್ಲಿ ಪ್ರೊಬೇಟ್ ತೆಗೆದುಕೊಳ್ಳುವುದೇ ಒಳ್ಳೆಯದು. ಅರ್ಜಿಯ ಜೊತೆ ಆಸ್ತಿಯ ಬೆಲೆಪಟ್ಟಿ ಕೊಡಬೇಕು, ಶುಲ್ಕ ಅದರ ಮೇಲೆಯೇ. ಪ್ರೊಬೇಟ್ ಸಿಕ್ಕ ಮೇಲೆ ಆರು ತಿಂಗಳಲ್ಲಿ ಪೂರ್ತಿ ಪಟ್ಟಿ, ಒಂದು ವರ್ಷದಲ್ಲಿ ಲೆಕ್ಕ ಒಪ್ಪಿಸಬೇಕು. ನಿಮ್ಮ ಉದ್ದನೆಯ ಪುಸ್ತಕ ಅಲ್ಲಿ ನೇರ ಕೆಲಸಕ್ಕೆ ಬರುತ್ತದೆ.

ಬ್ಯಾಂಕ್ ದುಡ್ಡು, ಶೇರುಗಳಿಗೆ ಕೋರ್ಟ್ ಕೊಡುವ ವಾರಸಾ ಪ್ರಮಾಣಪತ್ರ ಬೇಕಾಗಬಹುದು. ಹೊಲ, ಮನೆಗೆ ಅದು ನಡೆಯುವುದಿಲ್ಲ. ಹೊಲಕ್ಕೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು. ಎಲ್ಲ ಹಕ್ಕುದಾರರ ಹೆಸರಿನಲ್ಲಿ ಜಂಟಿಯಾಗಿಯೇ ಮಾಡಿಸಿ. 'ಸದ್ಯಕ್ಕೆ ದೊಡ್ಡಣ್ಣನ ಹೆಸರಿಗೆ ಇರಲಿ' ಅನ್ನಬೇಡಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ, ಆದರೆ ಆ ಹೆಸರು ತೋರಿಸಿ ಸಾಲ ಎತ್ತುತ್ತಾರೆ, ಮಾರಲು ಅಡ್ವಾನ್ಸ್ ಪಡೆಯುತ್ತಾರೆ.

ಹಂಚಿಕೆಯನ್ನು ಬಾಂಡ್ ಪೇಪರಿನ ಮೇಲೆ ಬರೆದು ಬಿಟ್ಟರೆ ಆಗಲ್ಲ. ಸ್ಥಿರಾಸ್ತಿಯ ವಿಭಾಗ ಪತ್ರ, ಹಕ್ಕು ಬಿಡುಗಡೆ ಪತ್ರ ಎರಡೂ ನೋಂದಣಿಯಾಗಬೇಕು. ಅಕ್ಕತಂಗಿಯರಿಂದ ಹಕ್ಕು ಬಿಡುಗಡೆಗೆ ಸಹಿ ಕೇಳುವ ಮುನ್ನ ಬೆಲೆಪಟ್ಟಿಯ ಪ್ರತಿ ಅವರ ಕೈಗೆ ಕೊಡಿ. ಏನು ಬಿಟ್ಟುಕೊಡುತ್ತಿದ್ದೇನೆ ಅಂತ ಗೊತ್ತಿರುವವಳ ಸಹಿ ಮಾತ್ರ ನಿಲ್ಲುತ್ತದೆ. ಅಪ್ರಾಪ್ತ ಮಕ್ಕಳ ಪಾಲನ್ನು ಕೋರ್ಟಿನ ಅನುಮತಿ ಇಲ್ಲದೆ ತಾಯಿಯೂ ಮಾರುವಂತಿಲ್ಲ. ಒಬ್ಬರು ತಮ್ಮ ಪಾಲಿನ ಹೊಲ ಮಾರಲು ಹೊರಟರೆ ಅದನ್ನು ಕೊಳ್ಳುವ ಮೊದಲ ಹಕ್ಕು ಉಳಿದ ವಾರಸುದಾರರದು. ಕೃಷಿ ಭೂಮಿಗೂ ಇದು ಅನ್ವಯಿಸುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಹೊರಗಿನವರಿಂದ ಅಡ್ವಾನ್ಸ್ ಪಡೆಯುವ ಮೊದಲೇ ಅವರಿಗೆಲ್ಲ ಸ್ವೀಕೃತಿ ಸಿಗುವ ಸ್ಪೀಡ್ ಪೋಸ್ಟಿನಲ್ಲಿ ತಿಳಿಸಿ, ಸ್ವೀಕೃತಿಯನ್ನು ಅದೇ ಪುಸ್ತಕದಲ್ಲಿ ಅಂಟಿಸಿಡಿ.